ತಿಂಗಳದ್ದು ಬಂತಾ?

ಸೌಂದರ್ಯ ಅವತ್ತು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಅವನ್ನೂ ಪಿಸುದನಿಯಲ್ಲೇ ಆಡಿದ್ದಳು. ಆದರೂ ಮಧ್ಯಾಹ್ನದ ಹೊತ್ತಿಗೆ ಹಾರನಹಳ್ಳಿಯ ಮುಖ್ಯ ರಸ್ತೆ ಬಂದ್ ಆಗಿ, ಎರಡೂ ಕಡೆ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು.

ಬೆಳಗ್ಗೆ ಹತ್ತು ಗಂಟೆಗೆ ಅವಳು ಬಾಗಿಲಿಗೆ ಬೀಗ ಹಾಕಲು ಹೊರಟಿದ್ದಳು. ಸೆರಗಿನ ತುದಿಯಲ್ಲಿ ಒಂದು ಚೀಟಿ ಗಂಟು ಕಟ್ಟಿಕೊಂಡಿದ್ದಳು. ಚೀಟಿಯ ಮೇಲೆ ಏಳನೇ ನಂಬರು. ತಿಂಗಳಿಗೊಂದು ಮಂಗಳವಾರ ಅರಸೀಕೆರೆಯಿಂದ ಲೇಡಿ ಡಾಕ್ಟರ್ ಬಂದು, ಮೆಡಿಕಲ್ ಸ್ಟೋರಿನ ಹಿಂದಿನ ಕೋಣೆಯಲ್ಲಿ ಹನ್ನೊಂದರಿಂದ ಒಂದರವರೆಗೆ ಕೂರುತ್ತಿದ್ದರು. ಇವತ್ತು ತಪ್ಪಿದರೆ ಮತ್ತೆ ಒಂದು ತಿಂಗಳು ಕಾಯಬೇಕು.

ಅವಳಿಗೆ ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಪರೀಕ್ಷೆ ಮಾಡುವ ಪಟ್ಟಿ ತಂದು ಎರಡು ಸಲ ನೋಡಿಕೊಂಡಿದ್ದಳು. ಎರಡು ಸಲವೂ ಒಂದೇ ಗೆರೆ. ಬಸುರಿಯಲ್ಲ ಅಂದಮೇಲೆ ಒಳಗೆ ಬೇರೆ ಏನೋ ಆಗಿದೆ. ಗಂಡಸಿ ಊರಿನ ಚಿಕ್ಕಮ್ಮನಿಗೂ ಹೀಗೇ ಶುರುವಾಗಿ, ಕೊನೆಗೆ ಗರ್ಭಕೋಶವನ್ನೇ ತೆಗೆಸಬೇಕಾಯಿತು. ಆಪರೇಷನ್ನಿಗೆ ಸರ್ಕಾರದ ಆರೋಗ್ಯ ಕಾರ್ಡು ನಡೆಯಿತು. ಅದಕ್ಕೆ ಮುಂಚಿನ ಸ್ಕ್ಯಾನಿಂಗಿಗೆ, ಆಮೇಲಿನ ಔಷಧಿಗೆ ಎರಡು ಹಸು ಹೋದವು. ಸೌಂದರ್ಯ ರಾತ್ರಿಯೆಲ್ಲ ಆ ಹಸುಗಳನ್ನೇ ನೆನೆಯುತ್ತಿದ್ದಳು.

ಅತ್ತೆಗೆ ಹೇಳುವ ಹಾಗಿರಲಿಲ್ಲ. ಹೋದ ವರ್ಷ ಹತ್ತು ದಿನ ತಡವಾದದ್ದಕ್ಕೇ ಅತ್ತೆ ಅನುಸೂಯಮ್ಮ ಇಡೀ ಬೀದಿಗೆ ಸಕ್ಕರೆ ಹಂಚಿದ್ದರು. ಹನ್ನೊಂದನೇ ದಿನ ಮುಟ್ಟಾಯಿತು. ಹಂಚಿದ ಸಕ್ಕರೆಯನ್ನೆಲ್ಲ ಸೊಸೆಯೇ ಕದ್ದು ತಿಂದಳೇನೋ ಎಂಬಂತೆ ಬೀದಿಯ ಹೆಂಗಸರು ಅವಳನ್ನು ಒಂದು ತಿಂಗಳು ನೋಡಿದರು.

ಈಗ ಅತ್ತೆ ಬಸ್ತಿಹಳ್ಳಿಯ ಮಗಳ ಮನೆಯಲ್ಲಿದ್ದರು. ಬರುವುದು ನಾಳೆ. ಗಂಡ ಚನ್ನೇಶ್ ಟೆಂಪೊದಲ್ಲಿ ಕೊಬ್ಬರಿ ತುಂಬಿಕೊಂಡು ಅರಸೀಕೆರೆ ಮಾರ್ಕೆಟ್ಟಿಗೆ ಹೋಗಿದ್ದ. ಯಾರಿಗೂ ತಿಳಿಯದ ಹಾಗೆ ಡಾಕ್ಟರನ್ನು ನೋಡಿಕೊಂಡು ಬಂದುಬಿಡಬೇಕು, ಅಷ್ಟೇ.

“ಅಕ್ಕಾ, ಎರಡೇ ನಿಮಿಷ.”

ಗೇಟಿನಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು. ಹೆಸರು ಸಿಂಧು. ಚುನಾವಣೆ ಹತ್ತಿರ ಬಂದಿದ್ದರಿಂದ ಬೆಂಗಳೂರಿನ ಯಾವುದೋ ಕಂಪನಿ ಅವಳನ್ನು ಹೆಂಗಸರ ಅಭಿಪ್ರಾಯ ಕೇಳಲು ಕಳಿಸಿತ್ತು.

“ಒಂದೇ ಪ್ರಶ್ನೆ ಅಕ್ಕ. ಓಟು ಹಾಕೋವಾಗ ನಿಮಗೆ ಯಾವುದು ಮುಖ್ಯ? ಒಂದು, ಮನೆ ಖರ್ಚು, ಬೆಲೆ ಏರಿಕೆ, ದುಡ್ಡು. ಎರಡು, ಹೆರಿಗೆ, ಗರ್ಭಕೋಶದ ಕಾಯಿಲೆ, ಇಂಥ ಹೆಣ್ಮಕ್ಕಳ ತೊಂದರೆಗೆಲ್ಲ ಸರ್ಕಾರಾನೇ ಖರ್ಚು ಕೊಡೋದು. ಯಾವುದಾದ್ರೂ ಒಂದೇ ಹೇಳ್ಬೇಕು.”

ಸೌಂದರ್ಯಳ ಉತ್ತರ ಎರಡನೆಯದೇ. ಆದರೆ ‘ಎರಡು’ ಎಂದರೆ ‘ಯಾಕೆ, ಏನಾಗಿದೆ?’ ಎಂದು ಕೇಳುತ್ತಾರೆ. ‘ಒಂದು’ ಎಂದವರನ್ನು ಯಾರೂ ಏನೂ ಕೇಳುವುದಿಲ್ಲ.

“ಹೆಸರು ಬರ್ಕೊಳಲ್ಲ ಅಕ್ಕ. ಏನಾದ್ರೂ ತೊಂದರೆ ಇದ್ರೆ ಧೈರ್ಯವಾಗಿ ಹೇಳಿ” ಎಂದಳು ಸಿಂಧು. ಅವಳ ಕಣ್ಣಲ್ಲಿ ಅಕ್ಕರೆ ಇತ್ತು. ಇವತ್ತು ಕಂಡು ನಾಳೆ ಕಾಣದ ಹುಡುಗಿ. ಮೂರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ತಾನಾಗಿಯೇ ಜಾರಿತು. ಆದರೂ ‘ಮುಟ್ಟು’ ಎನ್ನಲು ನಾಲಿಗೆ ಏಳಲಿಲ್ಲ.

“ತಿಂಗಳದ್ದು... ಮೂರು ತಿಂಗಳಿಂದ ಬಂದಿಲ್ಲ” ಎಂದು ಪಿಸುಗುಟ್ಟಿದಳು.

ಪಕ್ಕದ ಕಾಂಪೌಂಡಿನ ಮೇಲೆ ಒಣಗಲು ಹಾಕಿದ್ದ ಕಂಬಳಿಯ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ಅದು ಸುಮಿತ್ರಮ್ಮನ ತಲೆ. ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ. ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎಂಬ ಲೆಕ್ಕವೂ ಅವರ ಹತ್ತಿರ ಇರುತ್ತಿತ್ತು.

“ಏನಂದೆ? ಮೂರು ತಿಂಗಳಿಂದ ಬಂದಿಲ್ವಾ? ನಂಗೆ ಹೋದ ವಾರಾನೇ ಬಂತಲ್ಲೇ!”

ಸೌಂದರ್ಯ ಅವರನ್ನು ಬೆರಗಾಗಿ ನೋಡಿದಳು. ಸುಮಿತ್ರಮ್ಮನಿಗೆ ಅರವತ್ತಾಗಿತ್ತು.

“ನಂಗೊಂದೇ ಅಲ್ಲ, ಬೀದೀಲಿ ಎಲ್ಲರ ಖಾತೆಗೂ ಬಿದ್ದೈತೆ. ನಿಂಗೆ ಮಾತ್ರ ಯಾವನು ತಡ್ದವನೆ ಅಂತೀನಿ!”

ಆಗ ಸೌಂದರ್ಯಳಿಗೆ ಹೊಳೆಯಿತು. ಸರ್ಕಾರ ಮನೆಯೊಡತಿಯರ ಖಾತೆಗೆ ಹಾಕುವ ದುಡ್ಡಿಗೂ ಬೀದಿಯವರು ‘ತಿಂಗಳದ್ದು’ ಎಂದೇ ಅನ್ನುತ್ತಿದ್ದರು.

“ಅದಲ್ಲ ದೊಡ್ಡಮ್ಮ... ಇದು ಬೇರೆ.”

“ಬೇರೆ ಅಂದ್ರೆ? ಅಕ್ಕಿ ದುಡ್ಡೂ ಬಂದಿಲ್ವಾ? ಅಯ್ಯೋ ಪಾಪಿಗಳಾ! ಪಾಸ್‌ಬುಕ್ ತತ್ತಾ ನೋಡಾನ.”

“ಅತ್ತೆ ಹತ್ರ ಐತೆ.”

ಅದು ನಿಜ. ಅತ್ತೆ ಸೊಸೆಗೆ ಒಲೆ ಒಂದೇ, ರೇಷನ್ ಕಾರ್ಡು ಎರಡು. ಎರಡು ಪಾಸ್‌ಬುಕ್ಕೂ ಅನುಸೂಯಮ್ಮನ ಬ್ಯಾಗಿನಲ್ಲೇ ಊರೂರು ತಿರುಗುತ್ತಿದ್ದವು. ತನ್ನ ಖಾತೆಗೆ ಏನು ಬಂತು, ಏನು ಹೋಯಿತು ಎಂದು ಸೌಂದರ್ಯ ಯಾವತ್ತೂ ಕಂಡವಳಲ್ಲ.

“ನಡಿ ಪಂಚಾಯ್ತಿಗೆ. ನಾನಿದೀನಿ!” ಎಂದು ಸುಮಿತ್ರಮ್ಮ ಅವಳ ಕೈ ಹಿಡಿದರು. ಆ ಹಿಡಿತ ತಪ್ಪಿಸಿಕೊಂಡ ಕೋಳಿ ಹಾರನಹಳ್ಳಿಯಲ್ಲಿ ಇರಲಿಲ್ಲ.

ಬೀದಿ ದಾಟುವಷ್ಟರಲ್ಲಿ ಇಪ್ಪತ್ತು ಹೆಂಗಸರು ಸೇರಿದರು. ಒಬ್ಬಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದಿದ್ದಳು. ಸಿಂಧು ಟ್ಯಾಬು ಹಿಡಿದುಕೊಂಡು ಹಿಂದೆಯೇ ಓಡಿದಳು.

ಮೆಡಿಕಲ್ ಸ್ಟೋರಿನ ಮುಂದೆ ಸೌಂದರ್ಯಳ ಕಾಲು ತಾನಾಗಿ ನಿಧಾನವಾಯಿತು. ಡಾಕ್ಟರು ಇನ್ನೂ ಬಂದಿರಲಿಲ್ಲ. ಅಲ್ಲೇ ಜಾರಿಕೊಳ್ಳೋಣ ಅಂದುಕೊಳ್ಳುವಾಗ ಸ್ವಾಮಿ ಎದುರಾದ. ಒಂದು ಪಕ್ಷದ ಬೂತು ನೋಡಿಕೊಳ್ಳುವವನು. ಅವನ ಆಟೋಗೆ ಪ್ರಚಾರದ ಮೈಕು ಕಟ್ಟಿತ್ತು. ವಿಷಯ ಕೇಳಿ ಅವನ ಮುಖ ಹಬ್ಬದ ಹೋಳಿಗೆಯಂತೆ ಅರಳಿತು.

“ಬಂಧುಗಳೇ!” ಎಂದು ಮೈಕಿನಲ್ಲಿ ಕೂಗಿದ. “ನಮ್ಮೂರ ಸೊಸೆ ಸೌಂದರ್ಯಂಗೆ ಮೂರು ತಿಂಗಳಿಂದ ಬಂದಿಲ್ಲ! ಪ್ರತಿ ತಿಂಗಳು ಬರಬೇಕಾದ್ದು ಯಾಕೆ ಬಂದಿಲ್ಲ? ಇದಕ್ಕೆ ಹೊಣೆ ಯಾರು?”

ಸೌಂದರ್ಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಟೀ ಅಂಗಡಿಯಿಂದ ಇನ್ನೊಂದು ಪಕ್ಷದ ಮರಿಯಣ್ಣ ಲೋಟ ಬಿಟ್ಟು ಎದ್ದು ಬಂದ.

“ಏನ್ಲಾ ಸ್ವಾಮಿ, ನಮ್ ಮೇಲೆ ಹಾಕ್ಬ್ಯಾಡ! ಇದಕ್ಕೂ ನಮ್ ಪಕ್ಷಕ್ಕೂ ಸಂಬಂಧ ಇಲ್ಲ. ತಡ ಆಗಿರಬೋದು. ಬರೋದು ಬಂದೇ ಬತ್ತದೆ. ನೋಡವ್ವ ತಾಯಿ, ನಮ್ಗೆ ಓಟಾಕು. ಪ್ರತಿ ತಿಂಗಳು ಐದನೇ ತಾರೀಕಿಗೆ ಸರಿಯಾಗಿ ಬರೋ ಹಂಗೆ ಮಾಡೋ ಜವಾಬ್ದಾರಿ ನಂದು.”

“ನಿನ್ ಕೈಲಿ ಏನಾಯ್ತದ್ಲಾ? ನಮ್ಮೋರು ಗೆದ್ರೆ ಒಂದನೇ ತಾರೀಕಿಗೇ ಬತ್ತದೆ!”

ಸೌಂದರ್ಯ ಸುಮಿತ್ರಮ್ಮನ ಕಿವಿಗೆ ಬಗ್ಗಿ, “ದೊಡ್ಡಮ್ಮ, ನಾನು ಮನೆಗೆ ಹೋಯ್ತೀನಿ” ಎಂದಳು.

“ಹೆದರ್ತೀಯಲ್ಲೇ! ನಿನ್ ಗಂಡನ್ನೇ ಕೇಳಾನ ತಡಿ” ಎಂದು ಸುಮಿತ್ರಮ್ಮ ಚನ್ನೇಶನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದರು. “ಏನೋ ಚನ್ನೇಶ, ನಿನ್ ಹೆಂಡ್ತಿಗೆ ಮೂರು ತಿಂಗಳಿಂದ ಬಂದಿಲ್ವಂತೆ, ನೀನೇನ್ ಮಾಡ್ತಾ ಇದೀಯೋ?”

ಆ ಕಡೆ ಕೊಬ್ಬರಿ ಹರಾಜಿನ ಗದ್ದಲ. “ಬಂದಿಲ್ವಾ? ನಂಗೇನ್ ಗೊತ್ತಮ್ಮ? ಅದೆಲ್ಲ ನಮ್ಮವ್ವನೇ ನೋಡ್ಕೊಳೋದು!” ಎಂದು ಕೂಗಿ ಅವನು ಫೋನು ಇಟ್ಟ.

ಹನ್ನೊಂದು ಗಂಟೆಗೆ ರಸ್ತೆ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಅದರ ಮೇಲೆ ಸೌಂದರ್ಯಳನ್ನು ಕೂರಿಸಿದರು. ಬಿಸ್ಕತ್ತಿನ ರಟ್ಟಿನ ಮೇಲೆ ‘ಸೌಂದರ್ಯಳಿಗೆ ಬರುವವರೆಗೂ ಹೋರಾಟ’ ಎಂದು ಬರೆದು ಅವಳ ತೊಡೆಯ ಮೇಲೆ ನಿಲ್ಲಿಸಿದರು. ಕಾರು, ಬಸ್ಸು, ತೆಂಗಿನಕಾಯಿ ಲಾರಿ ಎಲ್ಲ ನಿಂತವು. ಹಾರನ್ನುಗಳು ಒಂದೇ ಸಮನೆ ಅರಚಿಕೊಂಡವು.

ಆ ಸಾಲಿನಲ್ಲಿ ಅವಳಿಗೆ ಒಂದು ಬಿಳಿ ಕಾರು ಕಾಣಿಸಿತು. ಮುಂದಿನ ಗಾಜಿನ ಮೇಲೆ ಕೆಂಪು ಪ್ಲಸ್ ಗುರುತು. ಒಳಗೆ ಕನ್ನಡಕ ಹಾಕಿದ ಲೇಡಿ ಡಾಕ್ಟರ್!

ಸೌಂದರ್ಯ ಎದ್ದಳು. ಸುಮಿತ್ರಮ್ಮ ಭುಜ ಒತ್ತಿ ಕೂರಿಸಿದರು. ಡಾಕ್ಟರು ಗಾಜು ಇಳಿಸಿ, ಅಲ್ಲೇ ನಿಂತಿದ್ದ ಮರಿಯಣ್ಣನನ್ನು ಕೇಳಿದರು.

“ಏನ್ರೀ ಗಲಾಟೆ?”

“ಆ ಹೆಣ್ಮಗಳಿಗೆ ಮೂರು ತಿಂಗಳಿಂದ ಬಂದಿಲ್ವಂತೆ ಮೇಡಂ. ಬರೋವರ್ಗೂ ಯಾರ್ನೂ ಬಿಡಲ್ವಂತೆ.”

“ಅಯ್ಯೋ, ಪಾಪ” ಎಂದು ಡಾಕ್ಟರು ಗಾಜು ಏರಿಸಿದರು. ಗಡಿಯಾರ ನೋಡಿಕೊಂಡರು. ಕಾರು ಹಿಂದಕ್ಕೆ ಸರಿದು, ತಿರುಗಿ, ಅರಸೀಕೆರೆ ಕಡೆಗೆ ಹೋಯಿತು. ಸೆರಗಿನ ತುದಿಯ ಏಳನೇ ನಂಬರಿನ ಚೀಟಿಯನ್ನು ಸೌಂದರ್ಯ ಮುಷ್ಟಿಯಲ್ಲಿ ಹಿಸುಕಿಕೊಂಡಳು. ಕಣ್ಣಲ್ಲಿ ನೀರು ಬಂತು.

“ನೋಡ್ರೀ, ತಾಯಿ ಅಳ್ತಾವ್ಳೆ!” ಎಂದು ಸ್ವಾಮಿ ಮೈಕಿನಲ್ಲಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ನಿಂತಿದ್ದ ಬಸ್ಸೊಂದರಿಂದ ದಪ್ಪ ಬ್ಯಾಗು ಹೊತ್ತ ಹೆಂಗಸೊಬ್ಬರು ಇಳಿದು, ಜನರನ್ನು ತಳ್ಳಿಕೊಂಡು ಬಂದರು. ಅನುಸೂಯಮ್ಮ! ಮಗಳ ಮನೆಗೆ ಬೀಗಿತ್ತಿ ಬಂದಿಳಿದಳೆಂದು ಒಂದು ದಿನ ಮುಂಚೆಯೇ ಹೊರಟುಬಂದಿದ್ದರು.

“ಏನೇ ಇದು, ನಡುರೋಡಲ್ಲಿ ಕೂತಿದೀಯಾ?”

“ನಿನ್ ಸೊಸೆಗೆ ತಿಂಗಳದ್ದು ಬಂದಿಲ್ವಂತಲ್ಲೇ ಅನುಸೂಯ!” ಎಂದರು ಸುಮಿತ್ರಮ್ಮ.

“ಯಾವಳು ಅಂದೋಳು? ಅರಸೀಕೆರೇಲಿ ಇಳ್ದು ಈಗ ತಾನೆ ಬ್ಯಾಂಕಲ್ಲಿ ಎಂಟ್ರಿ ಹಾಕ್ಸ್ಕೊಂಡು ಬಂದಿದೀನಿ.” ಬ್ಯಾಗಿನಿಂದ ಪಾಸ್‌ಬುಕ್ ತೆಗೆದು ಎತ್ತಿ ಹಿಡಿದರು. “ಇಲ್ ನೋಡ್ರೀ, ಮೂರು ತಿಂಗಳದ್ದೂ ಬಂದೈತೆ!”

ಎಲ್ಲರ ಕಣ್ಣೂ ಸೌಂದರ್ಯಳ ಮೇಲೆ.

“ಹಂಗಾದ್ರೆ ಇವಳಿಗೆ ಬಂದಿಲ್ದೆ ಇರೋದು ಏನು?” ಎಂದು ಸುಮಿತ್ರಮ್ಮ ಸೊಂಟದ ಮೇಲೆ ಕೈಯಿಟ್ಟರು.

ಟೀ ಅಂಗಡಿಯ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಮಹದೇವಮ್ಮ ತಲೆ ಎತ್ತಿದರು. ಊರಿನ ಅರ್ಧ ಮಕ್ಕಳನ್ನು ಕೈಯಾರೆ ಹೆರಿಗೆ ಮಾಡಿಸಿದ್ದ ಮುದುಕಿ.

“ಅಯ್ಯೋ ನಿಮ್ಮ, ತಿಂಗಳದ್ದು ಅಂದ್ರೆ ದುಡ್ಡೊಂದೇನ್ರೇ? ದುಡ್ಡು ಬರಾಕ್ ಮುಂಚೆ ಹೆಣ್ಮಕ್ಕಳಿಗೆ ತಿಂಗಳದ್ದು ಬತ್ತಿರ್ಲಿಲ್ವಾ?”

ಸ್ವಾಮಿ ಮೈಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಮರಿಯಣ್ಣ ತೆಂಗಿನ ಮರದಲ್ಲಿ ಎಷ್ಟು ಕಾಯಿ ಇವೆ ಎಂದು ಎಣಿಸತೊಡಗಿದ. ಐದನೇ ತಾರೀಕಿನ ಜವಾಬ್ದಾರಿ ಹೊತ್ತದ್ದು ಅವನಿಗೆ ನೆನಪಾಗಿರಬೇಕು.

ಅನುಸೂಯಮ್ಮ ಮಾತ್ರ ಬ್ಯಾಗನ್ನು ರಸ್ತೆಗೇ ಎಸೆದು ಸೊಸೆಯ ಕೆನ್ನೆ ಹಿಡಿದರು. “ಮೂರು ತಿಂಗಳೇನೇ! ನನ್ ಬಂಗಾರ! ಬಾಯಿ ಬಿಟ್ಟು ಹೇಳ್ಬಾರ್ದಾ?”

“ಅತ್ತೆ, ಹಂಗಲ್ಲ. ಡಾಕ್ಟರ ಹತ್ರ...”

“ಡಾಕ್ಟ್ರು ಗೀಕ್ಟ್ರು ಆಮೇಲೆ. ಈಗ ನೀನು ನಡೀಲೂ ಬ್ಯಾಡ. ಸ್ವಾಮಿ, ಆಟೋ ತಿರುಗ್ಸೋ!”

ರಸ್ತೆ ತೆರೆಯಿತು. ಪ್ರಚಾರದ ಆಟೋದಲ್ಲಿ, ಕುರ್ಚಿಯ ಸಮೇತ, ಸೌಂದರ್ಯ ಮನೆಗೆ ಬಂದಳು.

ಸಂಜೆಯ ಹೊತ್ತಿಗೆ ಪಡಸಾಲೆ ತುಂಬ ಹೆಂಗಸರು. ಅನುಸೂಯಮ್ಮ ಪೆಟ್ಟಿಗೆಯ ತಳದಲ್ಲಿದ್ದ ಹೊಸ ಬಿಳಿ ಬೆಡ್‌ಶೀಟನ್ನು ಕುರ್ಚಿಯ ಮೇಲೆ ಮಡಿಸಿ ಹಾಸಿ, ಸೊಸೆಯನ್ನು ಕೂರಿಸಿದ್ದರು. ಎಲ್ಲರ ಬಾಯಲ್ಲೂ ಸಕ್ಕರೆ. ಸೊಸೆಯ ಬೀರುವಿನಲ್ಲಿದ್ದ ಪ್ಯಾಡಿನ ಪೊಟ್ಟಣಗಳನ್ನು, “ಇನ್ನೊಂದು ವರ್ಷ ಇವಳಿಗ್ಯಾಕೆ” ಎಂದು ಸುಮಿತ್ರಮ್ಮನ ಮೊಮ್ಮಗಳಿಗೆ ಕೊಟ್ಟು ಕಳಿಸಿಯೂ ಆಗಿತ್ತು.

ಸೌಂದರ್ಯ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಬಾಯಿಗೆ ಸಕ್ಕರೆ ಬಿತ್ತು.

ಐದು ಗಂಟೆಯ ಹೊತ್ತಿಗೆ ಅವಳ ಕಿಬ್ಬೊಟ್ಟೆಯಲ್ಲಿ ಯಾರೋ ಹಗ್ಗ ಹೊಸೆದಂತಾಯಿತು. ಹಳೆಯ, ಪರಿಚಯದ ನೋವು. ಇಲ್ಲ, ಇರಲಾರದು. ಇವತ್ತೇ, ಈಗಲೇ, ಇಷ್ಟು ಜನರ ಮಧ್ಯೆ, ಈ ಬಿಳಿ ಬೆಡ್‌ಶೀಟಿನ ಮೇಲೆ! ಆದರೆ ಸಂಶಯವೇ ಇರಲಿಲ್ಲ.

ಬಾಗಿಲಲ್ಲಿ ಸಿಂಧು ಕಾಣಿಸಿದಳು. “ಅಕ್ಕಾ, ಈ ಬೀದೀಲಿ ನಿಮ್ಮದೊಂದೇ ಬಾಕಿ. ಒಂದಾ, ಎರಡಾ?”

ಸೌಂದರ್ಯ ಅವಳನ್ನು ಹತ್ತಿರ ಕರೆದಳು. ಇಡೀ ಪಡಸಾಲೆಯಲ್ಲಿ ತನ್ನ ಮಾತಿಗೆ ಕಿವಿಗೊಡಬಹುದಾದವಳು ಅವಳೊಬ್ಬಳೇ. ಸಿಂಧು ಬಗ್ಗಿದಳು. ಈಗಲೂ ನಾಲಿಗೆಗೆ ಬೇರೆ ಮಾತು ಸಿಗಲಿಲ್ಲ.

“ತಿಂಗಳದ್ದು... ಬಂತು ಕಣಮ್ಮ” ಎಂದು ಪಿಸುಗುಟ್ಟಿದಳು.

“ಗೊತ್ತಾಯ್ತು ಅಕ್ಕ! ಮೂರು ತಿಂಗಳದ್ದೂ ಒಟ್ಟಿಗೆ ಬಂತಂತಲ್ಲ, ನಿಮ್ಮತ್ತೆ ಪಾಸ್‌ಬುಕ್ ತೋರಿಸಿದ್ರಲ್ಲ” ಎಂದು ಸಿಂಧು ನಕ್ಕಳು. “ದುಡ್ಡೂ ಬಂತು, ಬಸುರಿ ಬೇರೆ, ಆರೋಗ್ಯಾನೂ ಚೆನ್ನಾಗಿದೆ. ‘ಯಾವ ತೊಂದರೆಯೂ ಇಲ್ಲ’ ಅಂತ ಹಾಕ್ತೀನಿ.” ಟ್ಯಾಬು ಟಿಣ್ ಎಂದಿತು. ಸಿಂಧು ಸಕ್ಕರೆ ಬಾಯಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು.

“ನೋಡ್ರೇ ನನ್ ಸೊಸೇನ. ಹೇಳ್ದಂಗೆ ಕೇಳ್ತಾಳೆ. ಕೂತಲ್ಲಿಂದ ಒಂದ್ ಚೂರು ಅಲ್ಲಾಡಿಲ್ಲ!” ಎಂದರು ಅನುಸೂಯಮ್ಮ.

ಹೊರಗೆ ಚನ್ನೇಶನ ಟೆಂಪೊ ನಿಂತ ಸದ್ದಾಯಿತು. ಅವನು ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದು, ಹಲ್ಲು ಕಿರಿಯುತ್ತ ಒಳಗೆ ಬಂದ. ಸುಮಿತ್ರಮ್ಮ ಫೋನು ಎತ್ತಿ ಹಿಡಿದರು.

“ಒಂದ್ ಫೋಟೋ ತಕ್ಕೊಳಾನ. ಎಲ್ಲಾ ಎದ್ದು ನಿಂತ್ಕೊಳ್ರೇ!”

ಎಲ್ಲರೂ ಎದ್ದು ನಿಂತರು, ಒಬ್ಬಳನ್ನು ಬಿಟ್ಟು.