ಮೋರಿಗೆ ಬಿಟ್ಟ ಅನ್ನ

ಮೊಮ್ಮಕ್ಕಳೇ, ಮೋರಿಗೆ ಸುರಿದದ್ದು ಊರು ಬಿಟ್ಟು ಹೋಯಿತೆಂದು ನಾವೆಲ್ಲ ತಿಳಿದಿರುತ್ತೇವೆ. ನಮ್ಮ ವಡಗಾವಿಯ ಮನೆಯಲ್ಲಿ ಅದು ಹಿತ್ತಲಿನ ಸೆಪ್ಟಿಕ್ ಟ್ಯಾಂಕಿನವರೆಗೂ ಹೋಗುವುದಿಲ್ಲ. ಪೈಪಿನ ತಿರುವಿನಲ್ಲಿ ಕೂತು, ನಮ್ಮ ಮಾನ ತೆಗೆಯಲು ಹೊತ್ತು ಕಾಯುತ್ತದೆ. ಆದ್ದರಿಂದ ಅನ್ನ, ಎಣ್ಣೆ, ಚಹಾದ ಚರಟ ಮೋರಿಗೆ ಬಿಡಬೇಡಿ. ವಾಸನೆ ಬಂತೆಂದು ಆ್ಯಸಿಡ್ ಸುರಿದರೆ, ಟ್ಯಾಂಕಿನಲ್ಲಿ ಹೊಲಸು ಕರಗಿಸುವ ಕಣ್ಣಿಗೆ ಕಾಣದ ಹುಳುಗಳು ಸಾಯುತ್ತವೆ. ಈ ಬುದ್ಧಿ ಹೇಳುವ ಹಕ್ಕು ನನಗೆಲ್ಲಿಂದ ಬಂತೆಂದರೆ, ಇದರಲ್ಲಿ ಹೆಚ್ಚಿನದನ್ನು ನಾನೇ ಮಾಡಿದ್ದೇನೆ.

ನಾನು ಗುಂಜಿ ಎಂಬ ಹಳ್ಳಿಯಲ್ಲಿ ಬೆಳೆದು, ಅಲ್ಲಿನ ಸಾಲೆಯಲ್ಲೇ ಕಲಿತವಳು. ಅಲ್ಲಿ ಮೋರಿಯ ತಂಟೆಯೇ ಇರಲಿಲ್ಲ. ಉಳಿದ ಅನ್ನ, ಗಂಜಿ, ಪಾತ್ರೆ ತೊಳೆದ ನೀರು ಎಲ್ಲ ಮುಸುರೆಯ ಬಾನಿಗೆ. ಬಾನಿ ಎಮ್ಮೆಯ ಮುಂದೆ. ಯಾರ ಪಾಲಿನದು ಉಳಿಯಿತೆಂದು ಎಮ್ಮೆ ಕೇಳುತ್ತಿರಲಿಲ್ಲ. ಇಲ್ಲಿ ಕಸದ ಗಾಡಿ ಬರುತ್ತದೆ. ಓಣಿಯ ಹೆಂಗಸರೆಲ್ಲ ಬಕೆಟ್ ಹಿಡಿದು ನಿಂತಿರುತ್ತಾರೆ, ಕಣ್ಣು ಮಾತ್ರ ಪಕ್ಕದವರ ಬಕೆಟ್ಟಿನಲ್ಲಿ. ನೀವೆಲ್ಲ ಮಹಡಿಯ ಮೇಲೆ; ನಿಮ್ಮ ಅಜ್ಜ ತೀರಿಕೊಂಡ ಮೇಲೂ ನಾನು ಕೆಳಗಿನ ಮನೆಯಲ್ಲಿ ಬೇರೆ ಒಲೆ ಹೂಡಿ, ಇಬ್ಬರಿಗಾಗುವಷ್ಟು ಅಡುಗೆ ಮಾಡುತ್ತಿದ್ದೆ. ಉಣ್ಣುವವಳು ಒಬ್ಬಳೇ. ಅವರ ಪಾಲನ್ನು ಓಣಿಯೆದುರು ಕಸಕ್ಕೆ ಹಾಕಲು ನಾಚಿಕೆಯಾಗಿ, ಕೈಯಲ್ಲಿ ಕಿವುಚಿ ಮೋರಿಗೆ ಬಿಟ್ಟು, ಮೇಲೆ ಬಿಸಿನೀರು ಸುರಿಯುತ್ತಿದ್ದೆ. ಕಸದ ಗಾಡಿಗಿಂತ ಮೋರಿ ಹೇಗೆ ಮೇಲು ಎಂದು ಕೇಳಬೇಡಿ. ಆಗ ಮೇಲೆಂದೇ ಅನಿಸಿತ್ತು.

ಈ ಶ್ರಾವಣದಲ್ಲಿ ನೀರು ಹಿಂದಕ್ಕೆ ಬಂದು ಬಚ್ಚಲು ತುಂಬಿತು. ನಿಮ್ಮ ಅಪ್ಪ ಸೆಪ್ಟಿಕ್ ಟ್ಯಾಂಕು ಖಾಲಿ ಮಾಡುವ ಟ್ಯಾಂಕರಿನವನನ್ನು ಕರೆಸಿದ. ಅವನು ಚೇಂಬರಿನ ಮುಚ್ಚಳ ತೆಗೆದು, ಕೋಲಿನಿಂದ ಬಿಳಿಯ ಮುದ್ದೆಯೊಂದನ್ನು ಎತ್ತಿ ತೋರಿಸಿದ.

“ಆಯಿ, ಮನ್ಯಾಗ ಖಾನಾವಳಿ ನಡಸ್ತೀರೇನ್ರಿ?”

ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ನಕ್ಕರು. ನಿಮ್ಮ ಅಪ್ಪ ನಗಲಿಲ್ಲ.

“ಅವ್ವಾ, ನಿನಗ ಈಗ ಅಳತಿ ತಿಳಿವಲ್ದು. ಇವತ್ತ ಗ್ಯಾಸ್ ಮ್ಯಾಲ ಒಯ್ತೇನಿ. ನಮ್ಮ ಕೂಡ ಉಣ್ಣು, ಆರಾಮ ಇರು.”

ಪ್ರೀತಿಯಿಂದಲೇ ಹೇಳಿದ. ಆದರೆ ಆ ಒಲೆ ಹೋದರೆ ನಿಮ್ಮ ಅಜ್ಜನಿಗೆ ಅಡುಗೆ ಮಾಡುವುದೂ ಹೋಗುತ್ತದೆ. ಇದನ್ನು ಮಗನಿಗೆ ಯಾವ ಬಾಯಿಂದ ಹೇಳಲಿ?

“ಕೈ ತಪ್ಪಿ ಜಾಸ್ತಿ ಬೀಳತೈತಪಾ,” ಎಂದೆ. ಅವನಿಗೆ ಇನ್ನಷ್ಟು ಖಾತ್ರಿಯಾಗಿ, ನನ್ನ ಅಡುಗೆಮನೆಗೆ ನಡೆದು ಸಿಲಿಂಡರಿನ ಕಡೆ ಬಗ್ಗಿದ.

ಅಷ್ಟರಲ್ಲಿ ನಿಮ್ಮ ಅವ್ವ ಸುಜಾತಾ ಒಳಗೆ ಬಂದಳು. ಖಾನಾಪುರದ ಹುಡುಗಿ, ಕೇಳುವುದಕ್ಕಿಂತ ಮೊದಲು ಮುಚ್ಚಳ ತೆಗೆದು ನೋಡುವವಳು. ಕಟ್ಟೆಯ ಮೇಲೆ ಎರಡು ಸಣ್ಣ ಪಾತ್ರೆಗಳಲ್ಲಿ ಸಾರಿತ್ತು. ಒಂದರದ್ದನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಇನ್ನೊಂದರದ್ದನ್ನೂ ನೆಕ್ಕಿದಳು.

“ಇದರಾಗ ಉಪ್ಪ ಐತಿ. ಇದರಾಗ ಇಲ್ಲ.”

ನಿಮ್ಮ ಅಜ್ಜನಿಗೆ ಬಿಪಿ ಎಂದು ಡಾಕ್ಟರು ಉಪ್ಪು ಬಿಡಿಸಿದ್ದರು. ಅದು ಅವಳಿಗೂ ಗೊತ್ತು. ಅವಳು ಗಂಡನ ಕಡೆ ತಿರುಗಿದಳು.

“ಗ್ಯಾಸ್ ಇಲ್ಲೇ ಇರಲಿ ಬಿಡ್ರಿ. ಅತ್ತ್ಯಾರ ಅಳತಿ ಬರೋಬ್ಬರಿ ಐತಿ.”

ಆಮೇಲೆ ತಾಟು ಹಾಕಿಕೊಂಡು ಕುಳಿತೇಬಿಟ್ಟಳು. “ಮಾವಾರ ಪಾಲು ನನಗ ಬಡಸ್ರಿ. ಮೋರಿ ಉಣ್ಣೂದಕ್ಕಿಂತ ಸೊಸಿ ಉಣ್ಣಲಿ.”

ಬಡಿಸಿದೆ. ಎರಡು ತುತ್ತಿಗೇ ಅವಳು ಮುಖ ಕಿವುಚಿದಳು.

“ಅತ್ತ್ಯಾರ, ನಾಳಿಂದ ದಿನಾ ಬರ್ತೇನಿ. ಆದ್ರ ಖರೇ ಹೇಳ್ತೇನಿ, ಉಪ್ಪ ಹಾಕ್ರಿ. ಇದು ಗಂಟಲಾಗ ಇಳಿವಲ್ದು.”

ನನಗೆ ಸಿಟ್ಟು ಬಂತು. ನಿಮ್ಮ ಅಜ್ಜ ಎಂದೂ ಹೀಗೆ ಅಂದವರಲ್ಲ. ಉಂಡು ಕೈ ತೊಳೆಯುವಾಗ, “ಸಾರು ಚಲೋ ಆಗೇತಿ” ಎನ್ನುವುದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಸುಜಾತಾ ಮೇಲೆ ಹೋದ ಬಳಿಕ ಅವರ ಪಾತ್ರೆಯಿಂದ ಒಂದು ಸೌಟು ನನ್ನ ಅನ್ನಕ್ಕೆ ಹಾಕಿಕೊಂಡೆ. ಅಷ್ಟು ವರ್ಷ ಬಡಿಸಿದ್ದನ್ನು ನಾನು ನಾಲಿಗೆಗೆ ಹಚ್ಚಿದ್ದು ಅದೇ ಮೊದಲು. ನುಂಗಲಾಗಲಿಲ್ಲ. ಹೊತ್ತುಹೊತ್ತಿಗೂ ಆ ಮನುಷ್ಯ ನನಗೆ ಸುಳ್ಳು ಹೇಳಿದ್ದರು. ನಾನು ಅದನ್ನು ನಂಬಿ, ಹಿಗ್ಗಿ, ಅವರು ಬೇಡ ಬೇಡವೆಂದರೂ ಇನ್ನೊಂದು ಸೌಟು ಸುರಿದಿದ್ದೆ.