ನಾನು ವಹಿ ಕೂಡಿಸಿದ ಬಗೆ

ಇನ್ನೊಬ್ಬರಿಗೆ ಕಲಿಸಿದ್ದನ್ನೆಲ್ಲ ನಾನೂ ಪಾಲಿಸಿದ್ದರೆ ಇಷ್ಟು ಹೊತ್ತಿಗೆ ಸಂತನಾಗಿರುತ್ತಿದ್ದೆ. ಪಾಲಿಸಲಿಲ್ಲ, ಮಾಸ್ತರನಾಗಿಯೇ ನಿವೃತ್ತನಾದೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಅಕ್ಕಿಆಲೂರಿನ ಶಾಲೆಯಲ್ಲಿದ್ದೆ. ಸವಣೂರಿನಲ್ಲಿದ್ದ ಗೆಳೆಯ ಈರಪ್ಪ ಮಾಸ್ತರನಿಗೂ ನನಗೂ ಹೆಂಗಸರು ಬೀಸುವಾಗ ಹಾಡುವ ಪದಗಳನ್ನು ಬರೆದಿಡುವ ಹುಚ್ಚು. ಒಂದೇ ಸಂಗ್ರಹ, ಬರೆದಿಡುವ ವಹಿ, ಅಂದರೆ ನೋಟುಪುಸ್ತಕ, ಎರಡು. ಒಂದು ನನ್ನಲ್ಲಿ, ಒಂದು ಅವನಲ್ಲಿ. ಇಬ್ಬರೂ ನಮ್ಮ ನಮ್ಮ ವಹಿಯಲ್ಲಿ ಸೇರಿಸುತ್ತ, ತಿದ್ದುತ್ತ ಹೋಗುವುದು, ಆಗಾಗ ಎರಡನ್ನೂ ಕೂಡಿಸಿ ಒಂದು ಮಾಡುವುದು. ಶಾಲೆಗೆ ಹೊಸದಾಗಿ ಬಂದಿದ್ದ ಶಿಕ್ಷಕಿ ಶಾಂತಕ್ಕೋರು ಈ ಕೆಲಸ ಕಲಿಯುತ್ತೇನೆಂದಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ.

"ಮೊದಲ ಅವರ ವಹಿ ತರಸಬೇಕ್ರಿ. ತರಿಸಿದ ಕೂಡ್ಲೇ ಕೂಡಿಸಿದಂಗ ಆಗಲಿಲ್ಲ, ಓದಬೇಕು. ಅವರು ಒಂದು ಪದ ತಿದ್ದಿ, ನಾವು ಇನ್ನೊಂದು ತಿದ್ದಿದ್ರ ಎರಡೂ ಇರ್ಲಿ. ಒಂದ ಸಾಲಿಗೆ ಇಬ್ರೂ ಕೈ ಹಚ್ಚಿದ್ರ ಮಾತ್ರ, ನಂದ ಖರೆ ಅನ್ನಬಾರ್ದು. ಕುಂತು ಮಾತಾಡಿ ಒಂದು ಇಟ್ಕೋಬೇಕು."

"ಪುರುಸೊತ್ತಿಲ್ದಾಗ ಏನ್ ಮಾಡ್ಬೇಕ್ರಿ ಸರ?"

"ಪುರುಸೊತ್ತು ಮಾಡ್ಕೋಬೇಕ್ರಿ!"

ಸಂಗ್ರಹ ಅಚ್ಚಿಗೆ ಹೋಗುವ ವಾರ ಈರಪ್ಪನ ವಹಿ ಬಸ್ಸಿನಲ್ಲಿ ಬಂತು, ಜೊತೆಗೆ ಬಾಯಾಡಿಸಲು ಸವಣೂರು ಖಾರದ ಪೊಟ್ಟಣ. ಪೊಟ್ಟಣವನ್ನು ಆಗಲೇ ಬಿಚ್ಚಿದೆ. ವಹಿಯನ್ನು ಬಿಚ್ಚಲಿಲ್ಲ. ಅವನೇನು ಮಹಾ ತಿದ್ದಿರುತ್ತಾನೆ ಎಂದುಕೊಂಡು ನನ್ನದನ್ನೇ ಮುದ್ರಕರಿಗೆ ಕಳಿಸಿಬಿಟ್ಟೆ.

"ಅವರ ವಹಿ ನೋಡಿದ್ರೇನ್ರಿ ಸರ?" ಎಂದರು ಶಾಂತಕ್ಕೋರು.

"ನೋಡೇನ್ರಿ," ಎಂದೆ. ರಟ್ಟು ನೋಡಿದ್ದಂತೂ ಸುಳ್ಳಲ್ಲ.

ಪುಸ್ತಕ ಬಂತು. ಪ್ರತಿಗಳೆಲ್ಲ ಕೈಕೈ ಸೇರಿ ಖಾಲಿಯಾದವು. ಉಳಿದ ಒಂದನ್ನು ಹಿಡಿದು ನಾನೂ ಈರಪ್ಪನೂ ಹಿರೇಬೆಂಡಿಗೇರಿಗೆ ಹೋದೆವು. ನಮಗೆ ಪದ ಹೇಳಿಕೊಟ್ಟವರಲ್ಲೆಲ್ಲ ಹಿರಿಯಳಾದ, ಈಗ ಕಣ್ಣು ಮಂಜಾಗಿದ್ದ ನಾಗವ್ವ ಅಲ್ಲಿದ್ದಳು. ಈರಪ್ಪ ಅವಳ ಪದವನ್ನು ಓದಿ ನಿಲ್ಲಿಸಿದ. ಮುದುಕಿ ಕಾದಳು.

"ಮುಂದ? ನಮ್ಮ ಗಂಗಿ ಹೆಸರು ಬರಲಿಲ್ಲಲ್ರಿ?"

ಗಂಗಿ ಏಳನೇ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡ ಮಗಳು. ಅವಳ ಹೆಸರಿದ್ದದ್ದು ಕೊನೆಯ ನಾಲ್ಕು ಸಾಲಿನಲ್ಲಿ. ಆ ಪದ ಬರೆದುಕೊಂಡ ದಿನ ನಾನು ಬಸ್ಸಿನ ಅವಸರಕ್ಕೆ ಅವನ್ನು ಕೇಳದೆ ಎದ್ದುಬಂದಿದ್ದೆ. ಈರಪ್ಪ ಮತ್ತೊಮ್ಮೆ ಹೋಗಿ ಬರೆದುಕೊಂಡಿದ್ದ. ಅವು ಅವನ ವಹಿಯಲ್ಲಿದ್ದವು.

ಈರಪ್ಪ ನನ್ನ ಮುಖ ನೋಡಿದ. ಬೈದಿದ್ದರೆ ಹಗುರಾಗುತ್ತಿತ್ತು.

"ಆಕಿ ಹೆಸರು ನನ್ನ ಬಾಯಾಗಷ್ಟ ಐತ್ರಿ," ಎಂದಳು ನಾಗವ್ವ. "ಬುಕ್ಕಿನಾಗ ಇದ್ರ, ನಾ ಹೋದ ಮ್ಯಾಲೂ ಇರತೈತಿ ಅಂದಿದ್ರಿ."

ನಾನು ಶಾಯಿ ಪೆನ್ನು ತೆಗೆದೆ. ಈರಪ್ಪ ನೆನಪಿನಿಂದ ಹೇಳುತ್ತ ಹೋದ. ಪದದ ಕೆಳಗಿನ ಖಾಲಿ ಜಾಗದಲ್ಲಿ ಆ ನಾಲ್ಕು ಸಾಲನ್ನು ನನ್ನ ಅತಿ ದುಂಡು ಅಕ್ಷರದಲ್ಲಿ ಬರೆದೆ. ನಾಗವ್ವ ಪುಸ್ತಕ ತೊಡೆಯ ಮೇಲಿಟ್ಟುಕೊಂಡು "ಗಂಗಿ ಎಲ್ಲಿ?" ಎಂದಳು. ತೋರಿಸಿದೆ. ಮೆಲ್ಲಗೆ ಸವರಿದಳು. ಬೆರಳು ನೀಲಿಯಾಯಿತು.

"ಅಚ್ಚು ಇನ್ನೂ ಒಣಗಿಲ್ಲೇನ್ರಿ ಮಾಸ್ತರ?"

"ಒಣಗತೈತವ್ವ," ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಯಾವ ತರಗತಿಯಲ್ಲೂ ಮಾತಾಡಿರಲಿಲ್ಲ.