ಮೇಲಿನಿಂದ ‘ಬಂದೆ’ ಅಂದದ್ದು

ಹೋದ ಕಡೆಯಿಂದ ಎದ್ದು ಬರುವುದು ನನಗೆ ಗೊತ್ತಿಲ್ಲ. ಇದು ನನ್ನ ಹಳೆಯ ದೋಷ. ಯಾರದಾದರೂ ಜಗಲಿಯ ಮೇಲೆ ಕೂತರೆ ಕೂತೇ ಇರುತ್ತೇನೆ. ಮನೆಯವರು ಆಕಳಿಸುತ್ತಾರೆ, ನನ್ನ ಕಾಲಿನ ಸುತ್ತಲೇ ಕಸ ಗುಡಿಸುತ್ತಾರೆ. ಎಲ್ಲ ಅರ್ಥವಾಗುತ್ತದೆ, ಏಳಲು ಮಾತ್ರ ಆಗುವುದಿಲ್ಲ. ತರೀಕೆರೆಯಲ್ಲಿ ಷಡ್ಡಕನ ಮನೆಗೆ ಕಾಫಿಗೆಂದು ಹೋದವನು ಎರಡು ಹೊತ್ತು ಊಟ ಮಾಡಿಕೊಂಡು ಬಂದದ್ದುಂಟು. ಇಂಥವನು ಐವತ್ತೆರಡನೆಯ ವಯಸ್ಸಿನಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಅಜ್ಜಂಪುರದಲ್ಲಿ ಗೊಬ್ಬರದ ಚೀಟಿ ಬರೆಯುವ ನನಗೆ ಹಾರುವ ಆಸೆ ಎಲ್ಲಿಂದ ಬಂತೆಂದು ಕೇಳಬೇಡಿ. ಬುಕ್ಕಾಂಬುಧಿಯ ಆಚೆ ಒಂದು ಬೋಳು ಗುಡ್ಡದ ಮೇಲೆ ಹಾರಲು ಕಲಿಸುವ ಕೋಚ್ ಒಬ್ಬರು ಬಂದಿದ್ದರು. ಬಣ್ಣದ ಬಟ್ಟೆ ಗಾಳಿ ತುಂಬಿಕೊಂಡು ಸದ್ದಿಲ್ಲದೆ ಮೇಲೇಳುವುದನ್ನು ನೋಡಿ ಬಂದ ದಿನ, ಯೂರಿಯಾ ಕೇಳಿದವರಿಗೆಲ್ಲ ಪೊಟ್ಯಾಷ್ ಬರೆದುಕೊಟ್ಟೆ. ಮರುದಿನವೇ ಹೋಗಿ ಸೇರಿಕೊಂಡೆ.

“ಹಾರೋದನ್ನ ಗಾಳಿನೇ ಕಲಿಸುತ್ತೆ ಸಾರ್, ನಾನು ಕಲಿಸೋದು ಇಳಿಯೋದನ್ನ,” ಅಂದರು ಕೋಚ್. ಗಾಳಿ ಎತ್ತಿಕೊಂಡು ಹೋಗುತ್ತಲೇ ಇದ್ದರೆ ದಾರ ಎಳೆದು ರೆಕ್ಕೆಯ ಎರಡೂ ತುದಿಗಳನ್ನು ಮಡಚಬೇಕು. ಇದಕ್ಕೆ ಕಿವಿ ಮಡಚುವುದು ಅನ್ನುತ್ತಾರೆ. ರೆಕ್ಕೆ ಚಿಕ್ಕದಾಗಿ ಬೇಗ ಇಳಿಯುತ್ತದೆ; ನೆಲ ಹತ್ತಿರವಾಗುವ ಮೊದಲೇ ಬಿಟ್ಟುಬಿಡಬೇಕು. ಒಂದು ಬದಿ ತಾನಾಗಿ ಮುದುಡಿಕೊಂಡರೆ ಮೈಭಾರವನ್ನು ಚೆನ್ನಾಗಿರುವ ಬದಿಗೆ ಹಾಕಿ, ಮೊದಲು ದಿಕ್ಕು ನೇರ ಮಾಡಿಕೊಂಡು, ಆಮೇಲೆ ಮುದುಡಿದ್ದನ್ನು ಬಿಡಿಸಬೇಕು. ಸುರುಳಿ ಸುತ್ತುತ್ತ ಇಳಿಯುವ ವಿದ್ಯೆಯೂ ಇದೆ. ಅದು ತಲೆ ತಿರುಗಿಸುತ್ತದೆ, ನಿಮಗೆ ಬೇಡ ಅಂದರು.

ಮನೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿಗೆ ಹಾರುವಾಗ ಕೂರುವ ಪಟ್ಟಿಗಳ ಹಾರ್ನೆಸ್ ನೇತುಹಾಕಿಕೊಂಡು, ಅದರಲ್ಲಿ ಕೂತು ಅಭ್ಯಾಸ ಮಾಡಿದೆ. ಹೆಂಡತಿ ನಾಗರತ್ನ ಕೆಳಗೆ ಕೂತು ಹುಣಸೆಹಣ್ಣು ಬಿಡಿಸುತ್ತ, ಕೋಚ್ ಹೇಳಿದ್ದನ್ನೆಲ್ಲ ನಾನು ಬರೆದುಕೊಂಡಿದ್ದ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, “ಎಡಗಡೆ ಮುದುಡ್ಕಂತು ಕಣ್ರೀ!” ಅಂತ ಇದ್ದಕ್ಕಿದ್ದಂತೆ ಕೂಗುವಳು. ನಾನು ಗಾಬರಿಯಲ್ಲಿ ಎಡಕ್ಕೇ ವಾಲುವೆ. “ಹೋದ್ರಿ ನೀವು,” ಎಂದು ನಿರ್ವಿಕಾರವಾಗಿ ಬೀಜ ತೆಗೆಯುವಳು. ಒಂದೇ ಸಂಜೆಯಲ್ಲಿ ನಾನು ಹನ್ನೊಂದು ಸಲ ಹೋದೆ.

ಒಂದು ಬೇಸಿಗೆಯ ಮಧ್ಯಾಹ್ನ ಗಾಳಿ ನನ್ನನ್ನು ನಿಜವಾಗಿ ಎತ್ತಿತು. ಎಂಥ ಸುಖ ಅದು! ಕೆಳಗೆ ಕೆರೆ ಅಲುಗದೆ ಮಲಗಿತ್ತು. ತೆಂಗಿನ ತೋಟಗಳು ಅಂಗೈಯಗಲ ಆದವು. ಕಡೂರಿನ ಕಡೆಯ ಬಯಲು ನೀಲಿಯಾಗಿ ಕರಗಿ, ಎಲ್ಲಿ ಮುಗಿಯಿತು ಎಲ್ಲಿ ಆಕಾಶ ಶುರುವಾಯಿತು ತಿಳಿಯದು. ಎಲ್ಲೋ ಒಂದು ಹಸು ಕೂಗಿದ್ದು ಎದೆಯ ಪಕ್ಕದಲ್ಲೇ ಕೂಗಿದಂತೆ ಕೇಳಿಸಿತು. ಒಂದು ಹದ್ದು ಪಕ್ಕಕ್ಕೆ ಬಂದು, ನನ್ನನ್ನು ನೋಡಿ, ಏನೂ ಅನ್ನದೆ ಹೋಯಿತು. ನಾನು ಅರ್ಧ ಕಣ್ಣು ಮುಚ್ಚಿದೆ.

ಕೆಳಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಕಲಿಯುವವರಲ್ಲಿ ಒಬ್ಬರು ಜಾಲಿ ಮುಳ್ಳಿನ ಮೇಲೆ ಇಳಿದುಬಿಟ್ಟರಂತೆ. ಅವರನ್ನು ಬಿಡಿಸಲು ಓಡಿದ ಕೋಚ್, ನೋಡಲು ಬಂದಿದ್ದ ನಾಗರತ್ನಳ ಕೈಗೆ ವಾಕಿಟಾಕಿ ಕೊಟ್ಟು, “ಆ ಮೋಡ ಕಪ್ಪಾದ್ರೆ ಇಳಿಯೋಕೆ ಹೇಳಿ. ಮೂರು ಜನ ಮೇಲಿದ್ದಾರೆ, ಹೆಸರಿಡಿದೇ ಕರೀಬೇಕು,” ಅಂದರಂತೆ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ನಾಗರತ್ನ ನನ್ನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಗೋಡೆಯ ಮೇಲಿನ ಫೋಟೋ ತೋರಿಸಿದ್ದಳು.

ಚೌಳಹಿರಿಯೂರಿನ ಕಡೆಯಿಂದ ಮೋಡ ಕಪ್ಪಾಗಿ ಬಂತು. ಮೇಲಿದ್ದ ಮೂವರ ಹೆಲ್ಮೆಟ್ಟಿನ ವಾಕಿಟಾಕಿಯಲ್ಲೂ ಅವಳ ದನಿ ಕೇಳಿಸಿತು: “ರೀ, ಮೋಡ ಬಂತು. ಕಿವಿ ಮಡಚ್ಕಂಡು ಇಳಿದ್ಬನ್ನಿ.” ಮೇಲಿದ್ದ ಇನ್ನಿಬ್ಬರೂ ಸಂಸಾರಸ್ಥರು. ‘ರೀ’ ಎಂದು ಕೇಳಿಸಿದ್ದೇ ತಡ, ಯಾರ ಹೆಂಡತಿ ಎಂದೂ ವಿಚಾರಿಸದೆ ಕಿವಿ ಮಡಚಿ ಇಳಿದುಬಿಟ್ಟರು. ಅವಳ ಸ್ವಂತ ಗಂಡನಾದ ನಾನು ಮಾತ್ರ, ಊಟಕ್ಕೆ ಕರೆದಾಗ ಪೇಪರಿನ ಹಿಂದಿನಿಂದ ಹೇಳುವ ಹಾಗೆ, “ಬಂದೆ,” ಅಂದೆ. ಹಾಗಂದು ಅಲ್ಲೇ ಇದ್ದೆ. ಅವಳು ಮತ್ತೆ ಕರೆದಳು. “ಬಂದೆ ಕಣೇ.”

ಅಷ್ಟರಲ್ಲಿ ಮೈಗೆ ಚಳಿ ತಾಗಿತು. ತಲೆಯ ಮೇಲೆ ಮೋಡದ ಕಪ್ಪು ಹೊಟ್ಟೆ. ನಾನು ಅದರೊಳಕ್ಕೆ ಹೋಗುತ್ತಿದ್ದೆ. ರೆಕ್ಕೆ ಒಮ್ಮೆ ನಡುಗಿ, ಎಡಗಡೆ ಪೂರ್ತಿ ಮುದುಡಿಕೊಂಡಿತು. ಜಗತ್ತು ಎಡಕ್ಕೆ ತಿರುಗತೊಡಗಿತು. ನೋಟ್‌ಬುಕ್ಕಿನ ಒಂದಕ್ಷರವೂ ನೆನಪಾಗಲಿಲ್ಲ. ಸಾಯುತ್ತೇನೆ ಅನ್ನಿಸಿತು, ನಿಜವಾಗಿಯೂ.

“ಕಲ್ಲೇಶಪ್ಪಾ! ಬಲಕ್ಕೆ ವಾಲೋ! ಮೊದ್ಲು ದಿಕ್ಕು!”

ನನ್ನ ಅವ್ವ ತೀರಿಕೊಂಡ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಯೋಚಿಸದೆ ಬಲಕ್ಕೆ ವಾಲಿದೆ. ತಿರುಗುವುದು ನಿಂತಿತು. “ಈಗ ಬಿಡ್ಸು ಅದನ್ನ.” ಬಿಡಿಸಿದೆ. “ಮೋಡದಿಂದ ಈಚೆಗೆ ಬಾ. ಈಗ ಎರಡು ಕಿವೀನೂ ಮಡಚು.” ಮಡಚಿದೆ. ಹೊಲಗಳು ದೊಡ್ಡದಾಗುತ್ತ ಬಂದವು. “ಸಾಕು, ಬಿಡು ಕಲ್ಲೇಶಪ್ಪ,” ಅನ್ನುವಾಗ ನಾಗರತ್ನಳ ದನಿ ಒಡೆದಿತ್ತು. ಉತ್ತ ಹೊಲವೊಂದರಲ್ಲಿ ಕುಂಡೆಯ ಮೇಲೆ ಕೂತು ಇಳಿದೆ.

ಅವಳು ಓಡಿ ಬಂದಳು. ನನ್ನ ಬೆನ್ನಿಗೆ ಒಂದು ಗುದ್ದಿ, “ಯಾಕ್ರೀ ಹಿಂಗ್ಮಾಡ್ತೀರಾ?” ಅಂತ ಅತ್ತಳು. ಆಗಲೇ ‘ರೀ’ಗೆ ವಾಪಸಾಗಿದ್ದಳು.

ಮನೆಗೆ ಬಂದ ಮೇಲೆ, “ಇನ್ನೊಂದ್ಸಲ ಹೆಸರಿಡಿದು ಕರಿಯೇ,” ಅಂದೆ. “ಥೂ, ಯಾರಾದ್ರೂ ಕೇಳಿಸ್ಕಂಡಾರು,” ಎಂದು ಒಳಗೆ ಹೋದಳು. ಆಮೇಲೆ ಎಷ್ಟು ಗೋಗರೆದರೂ ಅವಳ ಬಾಯಿಂದ ಅದು ಹೊರಡಲಿಲ್ಲ. ಮೊನ್ನೆ ಕೋಚ್, ರೆಕ್ಕೆಯನ್ನು ಬೇಕೆಂದೇ ಮುದುಡಿಸಿ ಸರಿಪಡಿಸಿಕೊಳ್ಳುವ ತರಬೇತಿಗೆ ಯಾರು ಸೇರುತ್ತೀರಿ ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ನಾನೊಬ್ಬನೇ ಕೈ ಎತ್ತಿದೆ. “ಭಾರೀ ಧೈರ್ಯ ಸಾರ್ ನಿಮ್ದು,” ಅಂದರು ಕೋಚ್. ಕೆಳಗೆ ವಾಕಿಟಾಕಿ ಯಾರ ಕೈಯಲ್ಲಿರುತ್ತದೆ ಎಂಬುದೊಂದನ್ನು ಮಾತ್ರ ಕೇಳಿ ಖಚಿತ ಮಾಡಿಕೊಂಡೆ.